ವಾಕ್ಯದ ನಾಡಿ ಹಿಡಿಯುವ ಯಂತ್ರ

ಭೌತವಿಜ್ಞಾನದ ಪ್ರಯೋಗಶಾಲೆಗೆ ಕಾಲಿಡುವ ವಿದ್ಯಾರ್ಥಿಗೆ ಮೊಟ್ಟಮೊದಲು ಕಲಿಸುವ ಪಾಠವೆಂದರೆ ಉಪಕರಣದ ದೋಷವನ್ನು ಪರೀಕ್ಷಿಸುವುದು. ಸ್ಕ್ರೂಗೇಜನ್ನು ಕೈಗೆತ್ತಿಕೊಂಡೊಡನೆ ಅದರ ಶೂನ್ಯದೋಷವೆಷ್ಟೆಂದು ನೋಡುತ್ತೇವೆ. ತಕ್ಕಡಿಯ ತಟ್ಟೆಗಳು ಬರಿದಾಗಿರುವಾಗ ಮುಳ್ಳು ನಡುವೆ ನಿಲ್ಲುವುದೇ ಎಂದು ಗಮನಿಸುತ್ತೇವೆ. ಅಳತೆಯೆಲ್ಲ ಮುಗಿದ ಮೇಲೆ ನಾವು ಕೈಗೆತ್ತಿಕೊಳ್ಳುವ ಇನ್ನೊಂದು ಉಪಕರಣವಿದೆ. ಅದೇ ಭಾಷೆ. ಕಂಡುದನ್ನು ಕಾಣದವರಿಗೆ ಮುಟ್ಟಿಸಲು ನಮಗಿರುವ ಸಾಧನ ಅದು. ಆದರೆ ಅದರ ಶೂನ್ಯದೋಷವನ್ನು ನೋಡುವವರು ಎಷ್ಟು ಮಂದಿ?

ಈ ಎರಡು ವಾಕ್ಯಗಳನ್ನು ಹೋಲಿಸಿ ನೋಡಿರಿ:

“ದ್ರವದ ಉಷ್ಣತೆಯನ್ನು ಅಳೆಯುವ ಕಾರ್ಯವನ್ನು ಕೈಗೊಳ್ಳಲಾಗಿ, ಅದರಲ್ಲಿ ಗಣನೀಯವಾದಂತಹ ಏರಿಕೆಯು ಉಂಟಾಗಿರುವುದು ಕಂಡುಬಂದಿತೆಂದು ಹೇಳಬಹುದಾಗಿದೆ.”

“ದ್ರವದ ಉಷ್ಣತೆಯನ್ನು ಅಳೆದೆವು, ಅದು ಹತ್ತು ನಿಮಿಷಗಳಲ್ಲಿ ೨೭ ಡಿಗ್ರಿಯಿಂದ ೩೪ ಡಿಗ್ರಿಗೆ ಏರಿತು.”

ಮೊದಲನೆಯ ವಾಕ್ಯದಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ. ಪದಗಳೆಲ್ಲ ತಮ್ಮ ತಮ್ಮ ಪ್ರತ್ಯಯಗಳನ್ನು ತೊಟ್ಟು ಸರಿಯಾಗಿಯೇ ನಿಂತಿವೆ. ಆದರೂ ಓದುಗನು ಕೇಳುವ ಮೂರು ಪ್ರಶ್ನೆಗಳಿಗೆ ಅದು ಉತ್ತರ ಕೊಡುವುದಿಲ್ಲ. ಅಳೆದವರು ಯಾರು? ಏರಿಕೆ ಎಷ್ಟು? ಬರೆದವನಿಗೆ ತನ್ನ ಮಾತಿನಲ್ಲಿ ನಂಬಿಕೆಯುಂಟೆ, ಇಲ್ಲವೆ? ಹೀಗೆ ವ್ಯಾಕರಣಶುದ್ಧವಾಗಿದ್ದೂ ಅರ್ಥದಲ್ಲಿ ಸೊರಗಿದ ವಾಕ್ಯವನ್ನು ದುರ್ಬಲ ವಾಕ್ಯವೆಂದು ಕರೆಯೋಣ.

ಇಂಥ ವಾಕ್ಯಗಳನ್ನು ಹೆಕ್ಕಿ ತೆಗೆಯುವ ಕೆಲಸವನ್ನು ತಲೆತಲಾಂತರದಿಂದ ಉಪಾಧ್ಯಾಯರ ಕೆಂಪು ಮಸಿಯ ಲೇಖನಿ ಮಾಡುತ್ತ ಬಂದಿದೆ. ಕಳೆದ ಅರ್ಧ ಶತಮಾನದಲ್ಲಿ ಆ ಕೆಲಸದ ಒಂದು ಪಾಲನ್ನು ಗಣಕಯಂತ್ರಕ್ಕೆ ಒಪ್ಪಿಸುವ ಪ್ರಯತ್ನವು ನಡೆದಿದೆ. ಉಷ್ಣತೆಯೆಂದರೇನೆಂದು ತಿಳಿಯದ ಯಂತ್ರವು ಉಷ್ಣತೆಯ ಬಗೆಗಿನ ಮಾತಿನ ಸೊರಗನ್ನು ಹೇಗೆ ಕಂಡುಹಿಡಿದೀತು? ಈ ಪ್ರಶ್ನೆಯನ್ನು ನಾವು ಈ ಲೇಖನದಲ್ಲಿ ವಿಚಾರಮಾಡೋಣ.

ಪದಗಳ ಪಟ್ಟಿ ಹಿಡಿದ ಕಾವಲುಗಾರ

ಅಮೆರಿಕದ ನ್ಯೂಜರ್ಸಿಯಲ್ಲಿರುವ ಬೆಲ್ ಪ್ರಯೋಗಶಾಲೆಯ ಹೆಸರನ್ನು ಭೌತವಿಜ್ಞಾನದ ವಿದ್ಯಾರ್ಥಿಗಳೆಲ್ಲರೂ ಕೇಳಿರುತ್ತಾರೆ. ೧೯೪೭ರಲ್ಲಿ ಟ್ರಾನ್ಸಿಸ್ಟರು ಹುಟ್ಟಿದುದು ಅಲ್ಲಿಯೇ. ದೂರವಾಣಿಯ ಆ ದೊಡ್ಡ ಸಂಸ್ಥೆಯಲ್ಲಿ ಸಂಶೋಧನೆಯಷ್ಟೇ ಬರವಣಿಗೆಯೂ ನಡೆಯುತ್ತಿತ್ತು: ವರದಿಗಳು, ಕೈಪಿಡಿಗಳು, ಪೇಟೆಂಟಿನ ಅರ್ಜಿಗಳು. ೧೯೭೦ರ ದಶಕದ ಕೊನೆಯಲ್ಲಿ ಅಲ್ಲಿನ ಲೊರಿಂಡಾ ಚೆರ್ರಿ ಎಂಬ ವಿದುಷಿಯು ರಟ್ಗರ್ಸ್ ವಿಶ್ವವಿದ್ಯಾನಿಲಯದ ವಿಲಿಯಂ ವೆಸ್ಟರ್‌ಮನ್ ಅವರೊಡನೆ ಕೂಡಿ ‘ಸ್ಟೈಲ್’ ಮತ್ತು ‘ಡಿಕ್ಷನ್’ ಎಂಬ ಎರಡು ಕ್ರಮವಿಧಿಗಳನ್ನು ರಚಿಸಿದಳು. ಇವೇ ಮುಂದೆ ಬೆಳೆದು ‘ರೈಟರ್ಸ್ ವರ್ಕ್‌ಬೆಂಚ್’ ಎಂಬ, ಲೇಖಕನ ಕಮ್ಮಟವೆನ್ನಬಹುದಾದ ಸಲಕರಣೆಯ ಸಮೂಹವಾದವು. ೧೯೮೦ರ ದಶಕದ ಆರಂಭದಲ್ಲಿ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾನಿಲಯವು ವಿದ್ಯಾರ್ಥಿಗಳಿಗೆ ಪ್ರಬಂಧರಚನೆಯನ್ನು ಕಲಿಸುವಲ್ಲಿ ಇದನ್ನು ಬಳಸಿತು.

ಇವೆರಡರಲ್ಲಿ ‘ಡಿಕ್ಷನ್’ ಸರಳವಾದುದು. ಇಂಗ್ಲಿಷಿನಲ್ಲಿ ‘ಬಿಕಾಸ್’ ಎಂಬ ಒಂದೇ ಪದ ಸಾಲುವಲ್ಲಿ ‘ಡ್ಯೂ ಟು ದಿ ಫ್ಯಾಕ್ಟ್ ದಟ್’ ಎಂದು ಐದು ಪದಗಳನ್ನು ಪೇರಿಸುವ ಅಭ್ಯಾಸವುಂಟಲ್ಲವೆ? ಇಂಥ ಜಾಳು ನುಡಿಗಟ್ಟುಗಳನ್ನೂ ಜನರು ತಪ್ಪಾಗಿ ಬಳಸುವ ಪದಗಳನ್ನೂ ಸೇರಿಸಿ ಸುಮಾರು ೪೫೦ರ ಪಟ್ಟಿಯೊಂದನ್ನು ಅದಕ್ಕೆ ಒದಗಿಸಿದ್ದರು. ಲೇಖನದಲ್ಲಿ ಪಟ್ಟಿಯ ಯಾವ ನುಡಿಗಟ್ಟು ಬಂದರೂ ಯಂತ್ರವು ಆ ವಾಕ್ಯವನ್ನು ಎತ್ತಿ ತೋರಿಸುತ್ತಿತ್ತು.

ಲೇಖನದ ಪ್ರತಿಯೊಂದು ಅಕ್ಷರದ ಬಳಿ ನಿಂತು ೪೫೦ ನುಡಿಗಟ್ಟುಗಳನ್ನೂ ಒಂದೊಂದಾಗಿ ಹೋಲಿಸುತ್ತ ಹೋದರೆ ಕಾಲವು ವ್ಯರ್ಥವಾಗುತ್ತದೆ. ಇದಕ್ಕೆ ಆಲ್ಫ್ರೆಡ್ ಏಹೋ ಮತ್ತು ಮಾರ್ಗರೆಟ್ ಕೊರಾಸಿಕ್ ಎಂಬವರು ೧೯೭೫ರಲ್ಲಿ ಪ್ರಕಟಿಸಿದ ಜಾಣ ಉಪಾಯವೊಂದು ನೆರವಾಯಿತು. ನುಡಿಗಟ್ಟುಗಳೆಲ್ಲವನ್ನೂ ಒಂದೇ ಮರದ ಕೊಂಬೆಗಳಂತೆ ಜೋಡಿಸುವುದು. ಮೊದಲ ಅಕ್ಷರಗಳು ಸಮಾನವಾಗಿರುವವರೆಗೆ ಅವುಗಳಿಗೆಲ್ಲ ಒಂದೇ ಕಾಂಡ, ಬೇರೆಯಾದಲ್ಲಿ ಕವಲು. ಒಂದು ಕೊಂಬೆಯಲ್ಲಿ ದಾರಿ ಕಡಿದರೆ ಮತ್ತೆ ಬುಡದಿಂದ ಆರಂಭಿಸದೆ, ಓದಿದ ಅಕ್ಷರಗಳಿಗೆ ಹೊಂದುವ ಇನ್ನೊಂದು ಕೊಂಬೆಗೆ ನೇರವಾಗಿ ದಾಟುವುದು. ಹೀಗೆ ಮಾಡಿದರೆ ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಓದಿದರೆ ಸಾಕು.

ಈ ಕಾವಲುಗಾರನು ಚುರುಕು, ಆದರೆ ಮಂದಮತಿ. ಅವನನ್ನು ಕನ್ನಡಕ್ಕೆ ಕರೆತಂದು ಪರೀಕ್ಷಿಸೋಣ. “ಅಳೆಯಲಾಯಿತು”, “ಮಾಡಲಾಯಿತು” ಮುಂತಾದ, ಮಾಡಿದವನನ್ನು ಮರೆಮಾಡುವ ರೂಪಗಳನ್ನು ಹಿಡಿಯಲೆಂದು ‘ಲಾಯಿತು’ ಎಂಬ ಅಕ್ಷರಗಳನ್ನು ಪಟ್ಟಿಗೆ ಸೇರಿಸಿದೆವೆನ್ನಿ. ಆಗ “ಲಿಟ್ಮಸ್ ಕಾಗದದ ಬಣ್ಣವು ಬದಲಾಯಿತು” ಎಂಬ ನಿರ್ದೋಷಿಯಾದ ವಾಕ್ಯವೂ ಬಲೆಗೆ ಬೀಳುತ್ತದೆ! “ಮನೆಯು ಬೆಂಕಿಯ ಪಾಲಾಯಿತು” ಎಂಬುದಕ್ಕೂ ಅದೇ ಗತಿ. ಇನ್ನೊಂದೆಡೆ, “ಅಳೆಯಲಾಯಿತೆಂದು ತಿಳಿಯಿತು” ಎಂದು ಬರೆದರೆ ಲೋಪಸಂಧಿಯಿಂದ ಉಕಾರವು ಬಿದ್ದುಹೋಗಿ ‘ಲಾಯಿತು’ ಎಂಬ ರೂಪವೇ ಕಾಣದಾಗುತ್ತದೆ. ನಿಜವಾದ ಅಪರಾಧಿಯು ಪಾರಾಗುತ್ತಾನೆ. ಅಕ್ಷರಗಳ ಸಾಮ್ಯವನ್ನಷ್ಟೇ ನೋಡಿದರೆ ಸಾಲದು, ಪದವು ಯಾವ ಜಾತಿಯದು, ಅದು ಯಾವ ಪ್ರಕೃತಿ ಪ್ರತ್ಯಯಗಳಿಂದಾಯಿತು, ವಾಕ್ಯದಲ್ಲಿ ಅದರ ಕೆಲಸವೇನು ಎಂಬುದನ್ನೂ ಯಂತ್ರವು ಅರಿಯಬೇಕು. ಶಾಲೆಯಲ್ಲಿ ನಾವು ಪದಪರಿಚಯ, ವಾಕ್ಯವಿಂಗಡಣೆ ಎಂದು ಮಾಡುತ್ತಿದ್ದ ಅಭ್ಯಾಸವನ್ನೇ ಯಂತ್ರವೂ ಮಾಡಬೇಕು.

ಯಂತ್ರವು ವ್ಯಾಕರಣವನ್ನು ಕಲಿತ ಬಗೆ

ಚೆರ್ರಿಯ ಎರಡನೆಯ ಕ್ರಮವಿಧಿಯಾದ ‘ಸ್ಟೈಲ್’ ಈ ದಾರಿಯಲ್ಲಿ ಒಂದು ಹೆಜ್ಜೆ ಮುಂದಿಟ್ಟಿತು. ಅದರ ಒಳಗೆ ‘ಪಾರ್ಟ್ಸ್’ ಎಂಬ ಪದಪರಿಚಯದ ಯಂತ್ರವೊಂದಿತ್ತು. ಅದರ ನಿಘಂಟಿನಲ್ಲಿದ್ದುದು ಸುಮಾರು ೩೫೦ ಪದಗಳು ಮಾತ್ರ! ಇಷ್ಟು ಸಣ್ಣ ನಿಘಂಟಿನಿಂದ ಇಂಗ್ಲಿಷಿನ ಲಕ್ಷಾಂತರ ಪದಗಳ ಜಾತಿಯನ್ನು ಗುರುತಿಸುವುದು ಹೇಗೆ?

ಮೂರು ಮೆಟ್ಟಿಲುಗಳಲ್ಲಿ ಈ ಕೆಲಸವು ಸಾಗುತ್ತಿತ್ತು. ಮೊದಲು, ಎಲ್ಲ ಬರವಣಿಗೆಯಲ್ಲಿಯೂ ಮತ್ತೆ ಮತ್ತೆ ಬರುವ ‘ದಿ’, ‘ಆಫ್’, ‘ಈಸ್’ ಮುಂತಾದ ಚಿಕ್ಕ ಪದಗಳನ್ನು ನಿಘಂಟಿನಿಂದ ಗುರುತಿಸುವುದು. ಎರಡನೆಯದಾಗಿ, ಉಳಿದ ಪದಗಳ ಬಾಲವನ್ನು ನೋಡುವುದು. ‘ಷನ್’ ಎಂದು ಕೊನೆಗೊಂಡರೆ ಅದು ನಾಮಪದವಾಗಿರಬಹುದು, ‘ಲಿ’ ಎಂದು ಕೊನೆಗೊಂಡರೆ ಕ್ರಿಯಾವಿಶೇಷಣವಾಗಿರಬಹುದು. ಮೂರನೆಯದಾಗಿ, ಪದಗಳ ನೆರೆಹೊರೆಯನ್ನು ವಿಚಾರಿಸುವುದು. ‘ದಿ’ ಎಂಬುದರ ಬೆನ್ನಿಗೇ ಕ್ರಿಯಾಪದವು ಬರಲಾರದು. ಪ್ರಯೋಗದಿಂದ ಕಂಡುಕೊಂಡ ಇಂಥ ನಿಯಮಗಳಿಂದಲೇ ಸುಮಾರು ನೂರಕ್ಕೆ ೯೫ ಪದಗಳ ಜಾತಿಯನ್ನು ಅದು ಸರಿಯಾಗಿ ಹೇಳುತ್ತಿತ್ತು. ನಿಘಂಟು ಚಿಕ್ಕದಾದುದರಿಂದ ಒಂದು ಲಾಭವೂ ಇತ್ತು: ಲೇಖನವು ಭೌತವಿಜ್ಞಾನದ್ದಾಗಲಿ ಮನಶ್ಶಾಸ್ತ್ರದ್ದಾಗಲಿ, ಯಂತ್ರಕ್ಕೆ ಎರಡೂ ಒಂದೇ.

ನೂರಕ್ಕೆ ೯೫ ಎಂದರೆ ಪರೀಕ್ಷೆಯಲ್ಲಿ ಬಹಳ ಒಳ್ಳೆಯ ಅಂಕ. ಆದರೆ ಲೆಕ್ಕವನ್ನು ಸ್ವಲ್ಪ ಮುಂದುವರಿಸಿ ನೋಡಿರಿ. ಇಪ್ಪತ್ತು ಪದಗಳ ವಾಕ್ಯವೊಂದರಲ್ಲಿ ಪ್ರತಿಯೊಂದು ಪದವೂ ಸರಿಯಾಗುವ ಸಂಭಾವ್ಯತೆಯು ೦.೯೫. ಒಂದರ ತಪ್ಪು ಇನ್ನೊಂದನ್ನು ಅವಲಂಬಿಸುವುದಿಲ್ಲವೆಂದು ಭಾವಿಸಿದರೆ, ಇಪ್ಪತ್ತೂ ಸರಿಯಾಗುವ ಸಂಭಾವ್ಯತೆಯು ೦.೯೫ನ್ನು ಇಪ್ಪತ್ತು ಸಲ ಗುಣಿಸಿದಷ್ಟು, ಅಂದರೆ ಸುಮಾರು ೦.೩೬. ನೂರು ವಾಕ್ಯಗಳಲ್ಲಿ ಅರುವತ್ತನಾಲ್ಕರಲ್ಲಿ ಒಂದಾದರೂ ಪದದ ಪರಿಚಯ ತಪ್ಪಾಗಿರುತ್ತದೆಂದಾಯಿತು! ಆದುದರಿಂದಲೇ ಇಂಥ ಯಂತ್ರದ ತೀರ್ಪನ್ನು ಒಂದೊಂದು ವಾಕ್ಯಕ್ಕೆ ಅಂತಿಮವೆಂದು ಒಪ್ಪಲಾಗದು. ಇಡೀ ಲೇಖನದ ಸರಾಸರಿಯನ್ನು ತಿಳಿಯಲು ಮಾತ್ರ ಅದು ಚೆನ್ನಾಗಿ ಒದಗುತ್ತದೆ.

ಪದಗಳ ಜಾತಿ ಗೊತ್ತಾದ ಮೇಲೆ ‘ಸ್ಟೈಲ್’ ತನ್ನ ಎಣಿಕೆಯನ್ನು ಆರಂಭಿಸುತ್ತಿತ್ತು. ಇಂಗ್ಲಿಷಿನ ‘ಬಿ’ ಧಾತುವಿನ ರೂಪದ ಮುಂದೆ ಭೂತಕೃದಂತವು ಬಂದರೆ ಅದು ಕರ್ಮಣಿ ಪ್ರಯೋಗ. ‘ಮೆಂಟ್’, ‘ಅನ್ಸ್’ ಮುಂತಾದ ಬಾಲಗಳುಳ್ಳ ನಾಮಪದವು ಕ್ರಿಯಾಪದದಿಂದ ಹುಟ್ಟಿದ ಭಾವನಾಮವಾಗಿರಬಹುದು. ವಾಕ್ಯವು ‘ದೇರ್ ಈಸ್’ ಎಂಬ ಟೊಳ್ಳು ಪದಗಳಿಂದ ಆರಂಭವಾದರೆ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಿತ್ತು. ವಾಕ್ಯಗಳ ಸರಾಸರಿ ಉದ್ದವೆಷ್ಟು, ಅತಿ ಉದ್ದವಾದುದು ಎಷ್ಟನೆಯದು, ಕರ್ಮಣಿ ಪ್ರಯೋಗಗಳು ಶೇಕಡ ಎಷ್ಟು ಎಂಬ ಪಟ್ಟಿಯು ಲೇಖಕನ ಕೈಸೇರುತ್ತಿತ್ತು.

ಇದರೊಡನೆ ವಾಚನಸುಲಭತೆಯ ಅಂಕಗಳೂ ಬರುತ್ತಿದ್ದವು. ೧೯೪೮ರಲ್ಲಿ ರುಡಾಲ್ಫ್ ಫ್ಲೆಶ್ ಎಂಬಾತನು ರೂಪಿಸಿದ ಸೂತ್ರವು ಇವುಗಳಲ್ಲಿ ಪ್ರಸಿದ್ಧವಾದುದು. ವಾಕ್ಯದ ಸರಾಸರಿ ಪದಸಂಖ್ಯೆ, ಪದದ ಸರಾಸರಿ ಉಚ್ಚಾರಾಂಶಗಳ ಸಂಖ್ಯೆ, ಇವೆರಡು ಹೆಚ್ಚಿದಂತೆಲ್ಲ ಅಂಕವು ಇಳಿಯುತ್ತದೆ. ಆದರೆ ಈ ಸೂತ್ರಕ್ಕೆ ಕಣ್ಣಿಲ್ಲ. ವಾಕ್ಯದ ಪದಗಳನ್ನೆಲ್ಲ ಹಿಂದುಮುಂದಾಗಿ ಜೋಡಿಸಿ ಅರ್ಥವನ್ನೇ ಕೆಡಿಸಿದರೂ ಅಂಕವು ಕಿಂಚಿತ್ತೂ ಬದಲಾಗದು! ಎಣಿಕೆಗೂ ವಿಂಗಡಣೆಗೂ ಇರುವ ಅಂತರವು ಇದರಿಂದ ಸ್ಪಷ್ಟವಾಗುತ್ತದೆ.

ಹಳೆಯ ಪುಸ್ತಕದ ಅಂಗಡಿ

ಇನ್ನು ಪೂರ್ಣ ವಾಕ್ಯವಿಂಗಡಣೆಯ ವಿಚಾರಕ್ಕೆ ಬರೋಣ. “ಹಳೆಯ ಪುಸ್ತಕದ ಅಂಗಡಿ” ಎಂದರೇನು? ಹಳೆಯ ಪುಸ್ತಕಗಳನ್ನು ಮಾರುವ ಅಂಗಡಿಯೋ, ಪುಸ್ತಕ ಮಾರುವ ಹಳೆಯ ಅಂಗಡಿಯೋ? ಮೂರು ಪದಗಳನ್ನು ಎರಡೆರಡಾಗಿ ಕೂಡಿಸಲು ಎರಡು ಬಗೆಗಳಿವೆ. ನಾಲ್ಕು ಪದಗಳಾದರೆ ಐದು ಬಗೆ, ಐದಾದರೆ ೧೪, ಆರಾದರೆ ೪೨. ಹತ್ತು ಪದಗಳಿಗೆ ಈ ಸಂಖ್ಯೆಯು ೪೮೬೨ಕ್ಕೆ ಏರುತ್ತದೆ! ವ್ಯಾಕರಣದ ನಿಯಮಗಳು ಇವುಗಳಲ್ಲಿ ಹೆಚ್ಚಿನವನ್ನು ತಳ್ಳಿಹಾಕುತ್ತವೆಂಬುದು ನಿಜ. ಆದರೂ ಉಳಿಯುವವು ಕಡಮೆಯಲ್ಲ.

೧೯೬೦ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸುಸುಮು ಕುನೊ ಮತ್ತು ಆಂಥೊನಿ ಓಟಿಂಗರ್ ಎಂಬವರು ಇಂಗ್ಲಿಷ್ ವಾಕ್ಯಗಳನ್ನು ವಿಂಗಡಿಸುವ ಯಂತ್ರವೊಂದನ್ನು ಸಿದ್ಧಪಡಿಸಿದರು. ‘ಟೈಮ್ ಫ್ಲೈಸ್ ಲೈಕ್ ಆನ್ ಆರೋ’ ಎಂಬ ಮಾತು ಇಂಥ ಯಂತ್ರಗಳ ಪೇಚಾಟಕ್ಕೆ ಹೆಸರುವಾಸಿಯಾದ ಉದಾಹರಣೆ. ನಮಗೆ ಇದರ ಅರ್ಥ ಒಂದೇ: ಕಾಲವು ಬಾಣದಂತೆ ಹಾರುತ್ತದೆ. ಯಂತ್ರಕ್ಕೆ ಮಾತ್ರ ಇನ್ನೂ ಹಲವು ಅರ್ಥಗಳು ಹೊಳೆಯುತ್ತವೆ. ‘ಫ್ಲೈಸ್’ ಎಂದರೆ ನೊಣಗಳೂ ಹೌದಷ್ಟೆ. ಆದುದರಿಂದ ‘ಕಾಲನೊಣಗಳು’ ಎಂಬ ಯಾವುದೋ ಜಾತಿಯ ನೊಣಗಳಿಗೆ ಬಾಣವೆಂದರೆ ಇಷ್ಟ! ವ್ಯಾಕರಣದ ದೃಷ್ಟಿಯಿಂದ ಇದನ್ನು ತಪ್ಪೆನ್ನುವಂತಿಲ್ಲ.

ಸಾವಿರಾರು ಬಗೆಗಳನ್ನು ಒಂದೊಂದಾಗಿ ಪರೀಕ್ಷಿಸದೆ ಕೆಲಸವನ್ನು ಪೂರೈಸುವ ಉಪಾಯವನ್ನು ಅದೇ ದಶಕದಲ್ಲಿ ಕಾಕ್, ಯಂಗರ್, ಕಸಾಮಿ ಎಂಬ ಮೂವರು ಬೇರೆ ಬೇರೆಯಾಗಿ ಕಂಡುಕೊಂಡರು. ಮೊದಲು ಪಕ್ಕಪಕ್ಕದ ಎರಡು ಪದಗಳ ತುಂಡುಗಳನ್ನು ವಿಂಗಡಿಸಿ ಫಲಿತವನ್ನು ಕೋಷ್ಟಕದಲ್ಲಿ ಬರೆದಿಡುವುದು. ಆಮೇಲೆ ಮೂರು ಪದಗಳ ತುಂಡು, ನಾಲ್ಕರದು, ಹೀಗೆ. ದೊಡ್ಡ ತುಂಡನ್ನು ನೋಡುವಾಗ ಚಿಕ್ಕವನ್ನು ಹೊಸದಾಗಿ ವಿಂಗಡಿಸಬೇಕಾಗಿಲ್ಲ, ಕೋಷ್ಟಕವನ್ನು ನೋಡಿದರೆ ಸಾಕು. ಈ ರೀತಿಯಲ್ಲಿ ವಾಕ್ಯದ ಉದ್ದ ಇಮ್ಮಡಿಯಾದರೆ ಕೆಲಸವು ಎಂಟು ಪಟ್ಟು ಹೆಚ್ಚುತ್ತದೆ. ಅದು ಯಂತ್ರದ ಶಕ್ತಿಗೆ ಮೀರಿದುದಲ್ಲ.

೧೯೮೦ರ ದಶಕದ ಆರಂಭದಲ್ಲಿ ಐ.ಬಿ.ಎಂ. ಸಂಸ್ಥೆಯ ಜಾರ್ಜ್ ಹೈಡಾರ್ನ್, ಕ್ಯಾರೆನ್ ಜೆನ್ಸನ್ ಮೊದಲಾದವರು ‘ಎಪಿಸಲ್’ ಎಂಬ ಹೆಸರಿನಲ್ಲಿ ಕಚೇರಿಯ ಪತ್ರಗಳನ್ನು ಪರಿಶೀಲಿಸುವ ಯಂತ್ರವನ್ನು ರಚಿಸಿದರು. ಅದು ಪ್ರತಿಯೊಂದು ವಾಕ್ಯವನ್ನೂ ಪೂರ್ಣವಾಗಿ ವಿಂಗಡಿಸಲು ಯತ್ನಿಸುತ್ತಿತ್ತು. ವಿಂಗಡಣೆ ವಿಫಲವಾದರೆ ಏನು ಮಾಡುವುದು? ಅವರ ಉಪಾಯವು ಭೌತವಿಜ್ಞಾನಿಯೂ ಮೆಚ್ಚುವಂತಹುದು. ಲಿಂಗ, ವಚನಗಳಂಥ ಹೊಂದಾಣಿಕೆಯ ನಿಯಮವೊಂದನ್ನು ಸಡಿಲಿಸಿ ಮತ್ತೆ ವಿಂಗಡಿಸುವುದು. ಯಾವ ನಿಯಮವನ್ನು ಸಡಿಲಿಸಿದೊಡನೆ ವಾಕ್ಯವು ಕೂಡಿಕೊಳ್ಳುವುದೋ ಅಲ್ಲಿಯೇ ತಪ್ಪಿದೆಯೆಂದು ತಿಳಿಯುವುದು! ಈ ತಂಡದ ಪ್ರಮುಖರು ಮುಂದೆ ಮೈಕ್ರೊಸಾಫ್ಟ್ ಸಂಸ್ಥೆಯನ್ನು ಸೇರಿದರು. ‘ವರ್ಡ್ ೯೭’ರಲ್ಲಿ ವಾಕ್ಯಗಳ ಅಡಿಯಲ್ಲಿ ಮೂಡುತ್ತಿದ್ದ ಹಸುರು ಬಣ್ಣದ ಅಂಕುಡೊಂಕಿನ ಗೆರೆಯು ಆ ಪರಿಶ್ರಮದ ಫಲವೇ.

ಈಚಿನ ಯಂತ್ರಗಳು ಬೇರೊಂದು ಹಾದಿಯನ್ನು ಹಿಡಿದಿವೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದವರು ಮನುಷ್ಯರಿಂದಲೇ ಪರಿಶೀಲಿಸಿ ವಿಂಗಡಿಸಿದ ವಾಕ್ಯಗಳ ದೊಡ್ಡ ಭಂಡಾರವೊಂದನ್ನು ಕಟ್ಟಿ ೧೯೯೩ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಅಲ್ಲಿಂದೀಚೆಗೆ ಯಂತ್ರಗಳು ನಿಯಮಗಳನ್ನು ಕಂಠಪಾಠಮಾಡದೆ ಇಂಥ ಉದಾಹರಣೆಗಳನ್ನು ನೋಡಿ ಕಲಿಯತೊಡಗಿದವು.

ಕನ್ನಡದ ವಾಕ್ಯಕ್ಕೆ ಯಂತ್ರದ ಕನ್ನಡಕ

ಇಂಗ್ಲಿಷಿಗಾಗಿ ರಚಿಸಿದ ಯಂತ್ರವನ್ನು ಕನ್ನಡಕ್ಕೆ ತಂದರೆ ನಡೆದೀತೆ? ನಡೆಯದು. “ಬೇಟೆಗಾರನು ಹುಲಿಯನ್ನು ಕೊಂದನು” ಎಂದರೂ “ಹುಲಿಯನ್ನು ಬೇಟೆಗಾರನು ಕೊಂದನು” ಎಂದರೂ ಸತ್ತುದು ಹುಲಿಯೇ. ಇಂಗ್ಲಿಷಿನಲ್ಲಿ ಪದಗಳ ಸ್ಥಾನವು ಹೇಳುವುದನ್ನು ನಮ್ಮಲ್ಲಿ ವಿಭಕ್ತಿಪ್ರತ್ಯಯವು ಹೇಳುತ್ತದೆ. ಕ್ರಿಯೆಗೂ ನಾಮಪದಕ್ಕೂ ಇರುವ ಈ ಸಂಬಂಧಗಳನ್ನು ಪಾಣಿನಿಯು ಸುಮಾರು ೪೦೦೦ ಸೂತ್ರಗಳ ತನ್ನ ಅಷ್ಟಾಧ್ಯಾಯಿಯಲ್ಲಿ ಕಾರಕಗಳೆಂದು ವಿವರಿಸಿದನು. ಕಾನಪುರದ ಐ.ಐ.ಟಿ.ಯಲ್ಲಿ ಬೆಳೆದ ‘ಅಕ್ಷರಭಾರತಿ’ ಎಂಬ ವಿದ್ವಾಂಸರ ಬಳಗವು ಈ ಕಾರಕವಿಚಾರವನ್ನೇ ಅಡಿಪಾಯವಾಗಿಟ್ಟುಕೊಂಡು ಭಾರತೀಯ ಭಾಷೆಗಳ ವಾಕ್ಯವಿಂಗಡಣೆಯನ್ನು ರೂಪಿಸಿ ೧೯೯೫ರಲ್ಲಿ ಗ್ರಂಥವೊಂದನ್ನು ಹೊರತಂದಿತು. ಅವರ ‘ಅನುಸಾರಕ’ವೆಂಬ ಯಂತ್ರವು ಕೈಗೆತ್ತಿಕೊಂಡ ಭಾಷೆಗಳಲ್ಲಿ ಕನ್ನಡವೂ ಒಂದು.

ಕನ್ನಡದ ಯಂತ್ರವು ಮೊದಲು ಪದವನ್ನು ಬಿಡಿಸಬೇಕು. ‘ಅಳೆಯಲಾಯಿತೆಂದು’ ಎಂಬುದನ್ನು ‘ಅಳೆಯಲ್’, ‘ಆಯಿತು’, ‘ಎಂದು’ ಎಂದು ಒಡೆದರೆ ದೋಷಿಯು ಸಿಕ್ಕುತ್ತಾನೆ. ‘ಬದಲಾಯಿತು’ ಎಂಬುದನ್ನು ಒಡೆದರೆ ಮೊದಲ ಭಾಗವು ‘ಬದಲು’. ಅದು ಧಾತುವಿನಿಂದಾದ ರೂಪವಲ್ಲ. ಆದುದರಿಂದ ಅದಕ್ಕೆ ಬಿಡುಗಡೆ. ಹೀಗೆಯೇ “ಪರೀಕ್ಷೆಯನ್ನು ಮಾಡುವ ಕಾರ್ಯವನ್ನು ಕೈಗೊಂಡೆವು” ಎಂಬಲ್ಲಿ ಕ್ರಿಯೆಯೆಲ್ಲ ‘ಪರೀಕ್ಷೆ’ ಎಂಬ ನಾಮಪದದೊಳಗೆ ಅಡಗಿದೆ. ‘ಮಾಡು’, ‘ಕಾರ್ಯ’, ‘ಕೈಗೊಳ್ಳು’ ಎಂಬ ಮೂರೂ ಬರಿಯ ಹೊರೆಯಾಳುಗಳು. ನಾಮಪದಕ್ಕೆ ದ್ವಿತೀಯಾ ವಿಭಕ್ತಿ ಹತ್ತಿ ಮುಂದೆ ‘ಮಾಡು’ ಬಂದಿದ್ದು, ಅದೇ ನಾಮಪದಕ್ಕೆ ‘ಇಸು’ ಹಚ್ಚಿದ ಧಾತುವೂ ಬಳಕೆಯಲ್ಲಿದ್ದರೆ, “ಪರೀಕ್ಷಿಸಿದೆವು ಎಂದರೆ ಸಾಲದೆ?” ಎಂದು ಯಂತ್ರವು ಕೇಳಬಲ್ಲುದು.

ಇದಕ್ಕಿಂತ ಸೂಕ್ಷ್ಮವಾದುದು ಸಂದೇಹಸೂಚಕ ಪದಗಳ ವಿಚಾರ. “ಬಹುಶಃ ತಂತಿಯು ಬಿಸಿಯಾದುದರಿಂದ ರೋಧವು ಹೆಚ್ಚಿತು” ಎಂದು ವಿದ್ಯಾರ್ಥಿಯೊಬ್ಬನು ಬರೆದನೆನ್ನಿ. ಇಲ್ಲಿ ಸಂದೇಹವಿರುವುದು ಯಾವುದರಲ್ಲಿ? ರೋಧವು ಹೆಚ್ಚಿತೆಂಬುದರಲ್ಲಿಯೋ, ಅದಕ್ಕೆ ಬಿಸಿಯೇ ಕಾರಣವೆಂಬುದರಲ್ಲಿಯೋ? ಮೊದಲನೆಯದು ಮೀಟರಿನಲ್ಲಿ ಕಂಡ ಅಳತೆ, ಎರಡನೆಯದು ಊಹೆ. ‘ಬಹುಶಃ’ ಎಂಬುದರ ವ್ಯಾಪ್ತಿಯು ಎಲ್ಲಿಯವರೆಗೆ ಎಂಬುದನ್ನು ತಿಳಿಯಲು ವಾಕ್ಯವಿಂಗಡಣೆಯೇ ಬೇಕು. ಇಂಗ್ಲಿಷ್ ಬರವಣಿಗೆಯಲ್ಲಿ ಇಂಥ ಪದಗಳನ್ನೂ ಅವುಗಳ ವ್ಯಾಪ್ತಿಯನ್ನೂ ಯಂತ್ರಗಳಿಂದ ಗುರುತಿಸುವ ಸ್ಪರ್ಧೆಯೊಂದು ವಿದ್ವಾಂಸರ ನಡುವೆ ೨೦೧೦ರಲ್ಲಿ ನಡೆಯಿತು. ಜೀವವಿಜ್ಞಾನದ ಪ್ರಬಂಧಗಳೂ ವಿಕಿಪೀಡಿಯದ ಲೇಖನಗಳೂ ಅದರ ಪರೀಕ್ಷಾಸಾಮಗ್ರಿಯಾಗಿದ್ದವು. ನಮ್ಮ ವಿದ್ಯಾರ್ಥಿಯು, “ರೋಧವು ಹೆಚ್ಚಿತು, ತಂತಿಯು ಬಿಸಿಯಾದುದು ಬಹುಶಃ ಇದಕ್ಕೆ ಕಾರಣ” ಎಂದು ಬರೆದಿದ್ದರೆ ಯಂತ್ರಕ್ಕೂ ಓದುಗನಿಗೂ ಈ ತೊಂದರೆ ಇರುತ್ತಿರಲಿಲ್ಲ.

ಐದು ಸಲ ಬಂದ ಒಂದು ಪದ

ಇದೆಲ್ಲ ಪಂಡಿತರ ಕೂದಲು ಸೀಳುವ ಕೆಲಸವೆಂದು ಕೆಲವರಿಗೆ ತೋರಬಹುದು. ಅಂಥವರು ಮುಂದಿನ ಘಟನೆಯನ್ನು ಗಮನಿಸಬೇಕು.

೨೦೦೩ನೆಯ ಜನವರಿ ೧೬ರಂದು ‘ಕೊಲಂಬಿಯ’ ಎಂಬ ಆಕಾಶನೌಕೆಯು ಏಳು ಮಂದಿ ಯಾತ್ರಿಕರೊಡನೆ ಮೇಲೇರಿತು. ಹರಿಯಾಣದ ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರಲ್ಲಿ ಒಬ್ಬಳು. ಉಡ್ಡಯನವಾದ ಸುಮಾರು ೮೨ ಸೆಕೆಂಡುಗಳಲ್ಲಿ ಹೊರಗಿನ ಇಂಧನದ ತೊಟ್ಟಿಯಿಂದ ಕಳಚಿದ ನೊರೆಯ ಹೊದಿಕೆಯ ತುಂಡೊಂದು ನೌಕೆಯ ಎಡರೆಕ್ಕೆಗೆ ಬಡಿಯಿತು. ನೌಕೆಯು ಇನ್ನೂ ಭೂಮಿಯನ್ನು ಸುತ್ತುತ್ತಿರುವಾಗಲೇ ಎಂಜಿನಿಯರರು ಈ ಪೆಟ್ಟಿನ ಪರಿಣಾಮವನ್ನು ಲೆಕ್ಕಹಾಕಿ ನಾಸಾದ ಅಧಿಕಾರಿಗಳ ಮುಂದೆ ಪಟಗಳ ಮೂಲಕ ವಿವರಿಸಿದರು.

ಆ ಪಟಗಳಲ್ಲಿ ಒಂದನ್ನು ಯೇಲ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಟಫ್ಟಿ ಎಂಬ ವಿದ್ವಾಂಸನು ಆಮೇಲೆ ಪದಪದವಾಗಿ ಪರಿಶೀಲಿಸಿದನು. ದುರಂತದ ವಿಚಾರಣಾ ಮಂಡಲಿಯು ೨೦೦೩ರ ಆಗಸ್ಟಿನಲ್ಲಿ ಹೊರಡಿಸಿದ ವರದಿಯಲ್ಲಿ ಈ ಪರಿಶೀಲನೆಗೆ ಸ್ಥಾನ ದೊರೆಯಿತು. ‘ಗಣನೀಯ’ ಎಂಬ ಅರ್ಥದ ಇಂಗ್ಲಿಷ್ ಪದವು ಆ ಒಂದೇ ಪಟದಲ್ಲಿ ಐದು ಸಲ ಬಂದಿತ್ತು. ಒಂದೆಡೆ ಅದು ಲೆಕ್ಕಕ್ಕೂ ಪರೀಕ್ಷೆಗೂ ಇದ್ದ ವ್ಯತ್ಯಾಸವನ್ನು ಸೂಚಿಸುತ್ತಿತ್ತು. ಇನ್ನೊಂದೆಡೆ ನೌಕೆಯ ಉಷ್ಣರಕ್ಷಕ ಬಿಲ್ಲೆಗಳಿಗೆ ಒದಗಬಹುದಾದ ಹಾನಿಯನ್ನು. ಮತ್ತೊಂದೆಡೆ, ಉಡ್ಡಯನದಲ್ಲಿ ನಡೆದುದು ಹಿಂದಿನ ಪರೀಕ್ಷೆಗಳ ಎಲ್ಲೆಯಿಂದ ‘ಗಣನೀಯವಾಗಿ’ ಹೊರಗಿದೆಯೆಂಬುದನ್ನು. ಎಷ್ಟು ಹೊರಗೆ? ಉತ್ತರವು ಪಟದ ಕಟ್ಟಕಡೆಯ ಸಾಲಿನಲ್ಲಿ ಅಡಗಿತ್ತು. ಪರೀಕ್ಷಿಸಿದ್ದ ತುಂಡಿನ ಗಾತ್ರವು ೩ ಘನ ಅಂಗುಲ. ನೌಕೆಗೆ ಬಡಿದ ತುಂಡಿಗೆ ಅವರು ಇಟ್ಟ ಅಂದಾಜು ೧೯೨೦ ಘನ ಅಂಗುಲ. ಅಂದರೆ ೬೪೦ ಪಟ್ಟು! ಪಟದ ತಲೆಬರಹವಾದರೋ ಅಭಯ ನೀಡುವಂತಿತ್ತು.

ಫೆಬ್ರುವರಿ ೧ರಂದು ಹಿಂದಿರುಗುವಾಗ ಕೊಲಂಬಿಯವು ಆಕಾಶದಲ್ಲಿಯೇ ಛಿದ್ರವಾಯಿತು. ಏಳು ಮಂದಿಯೂ ಮಡಿದರು. ಒಂದು ಪಟದ ಭಾಷೆಯೇ ಈ ದುರಂತವನ್ನು ತಂದಿತೆಂದು ಹೇಳುವುದು ಅತಿರೇಕವಾದೀತು. ಮಂಡಲಿಯು ಭೌತಿಕ ಕಾರಣಗಳನ್ನೂ ಸಂಸ್ಥೆಯ ನಡವಳಿಕೆಯ ದೋಷಗಳನ್ನೂ ವಿವರವಾಗಿ ಎತ್ತಿ ತೋರಿಸಿತು. ಆದರೆ ಅಪಾಯದ ಅಳತೆಯು ಅಧಿಕಾರಿಗಳ ಕಣ್ಣಿಗೆ ಬೀಳಬೇಕಾಗಿದ್ದ ಹೊತ್ತಿನಲ್ಲ್ಲಿ ದುರ್ಬಲವಾದೊಂದು ಪದವು ಅದನ್ನು ಮುಸುಕಿತೆಂಬುದರಲ್ಲಿ ಸಂದೇಹವಿಲ್ಲ.

ನಮ್ಮ ಯಂತ್ರವು ಆ ಪಟವನ್ನು ಓದಿದ್ದರೆ ಏನು ಮಾಡುತ್ತಿತ್ತು? ‘ಗಣನೀಯ’ ಎಂಬುದು ಅದರ ಪಟ್ಟಿಯಲ್ಲಿದ್ದರೆ ಐದೂ ಕಡೆ ಗೆರೆ ಎಳೆಯುತ್ತಿತ್ತು. ವಿಂಗಡಣೆ ಬಲ್ಲ ಯಂತ್ರವಾದರೆ, ಆ ಪದವು ಒಂದೆಡೆ ಹಾನಿಗೆ, ಇನ್ನೊಂದೆಡೆ ಪರೀಕ್ಷೆಯ ಎಲ್ಲೆಗೆ ವಿಶೇಷಣವಾಗಿದೆಯೆಂದೂ, ಯಾವುದರ ಪಕ್ಕದಲ್ಲಿಯೂ ಸಂಖ್ಯೆಯಿಲ್ಲವೆಂದೂ ಹೇಳುತ್ತಿತ್ತು. ಆದರೆ ಐದರಲ್ಲಿ ಯಾವುದು ಪ್ರಾಣಕ್ಕೆ ಸಂಬಂಧಿಸಿದುದೆಂದು ಅದಕ್ಕೆ ತಿಳಿಯುತ್ತಿರಲಿಲ್ಲ. ಅದು ಪ್ರಶ್ನೆಯನ್ನು ಎತ್ತಬಲ್ಲುದು, ಉತ್ತರಿಸಬೇಕಾದವನು ಎಂಜಿನಿಯರನೇ.

ದುರ್ಬಲತೆಯೋ, ವಿನಯವೋ?

ಇದಕ್ಕೆ ಪ್ರತಿಯಾದ ಉದಾಹರಣೆಯೂ ಉಂಟು. ೧೯೫೩ನೆಯ ಏಪ್ರಿಲ್ ೨೫ರ ‘ನೇಚರ್’ ಪತ್ರಿಕೆಯಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿ.ಎನ್.ಎ. ಅಣುವಿನ ರಚನೆಯನ್ನು ಕುರಿತು ಕಿರುಲೇಖನವೊಂದನ್ನು ಪ್ರಕಟಿಸಿದರು. ಆ ರಚನೆಯಿಂದ ಆನುವಂಶಿಕ ದ್ರವ್ಯವು ತನ್ನ ಪ್ರತಿಯನ್ನು ತಾನೇ ಮಾಡಿಕೊಳ್ಳುವ ಬಗೆಯೂ ಸೂಚಿತವಾಗುತ್ತದೆಂಬ ಮಹತ್ತರವಾದ ಮಾತನ್ನು ಅವರು ಕೊನೆಯಲ್ಲಿ, ನಿಷೇಧರೂಪದ ಒಂದೇ ವಾಕ್ಯದಲ್ಲಿ, ತಗ್ಗಿದ ದನಿಯಲ್ಲಿ ಹೇಳಿ ಮುಗಿಸಿದರು. ಯಂತ್ರವು ಇದರ ಮೇಲೂ ಗೆರೆ ಎಳೆದೀತು. ಆದರೆ ಆ ಹಿಂಜರಿಕೆ ಯುಕ್ತವಾಗಿಯೇ ಇತ್ತು. ರಚನೆಯು ಪ್ರತಿಕರಣದ ಬಗೆಯನ್ನು ಸೂಚಿಸಿತ್ತೇ ಹೊರತು ಸಾಧಿಸಿರಲಿಲ್ಲ. ಸಾಧನೆಯು ಬಂದುದು ೧೯೫೮ರಲ್ಲಿ, ಮೆಸೆಲ್ಸನ್ ಮತ್ತು ಸ್ಟಾಲ್ ನಡೆಸಿದ ಪ್ರಯೋಗದಿಂದ.

ಕರ್ಮಣಿ ಪ್ರಯೋಗದ ವಿಚಾರವೂ ಹಾಗೆಯೇ. “ಉಷ್ಣಮಾಪಕದ ಕೊಳವೆಯಲ್ಲಿ ಪಾದರಸವನ್ನು ತುಂಬಲಾಗಿದೆ” ಎಂಬಲ್ಲಿ ತುಂಬಿದವನ ಹೆಸರಿನಿಂದ ಯಾರಿಗೂ ಪ್ರಯೋಜನವಿಲ್ಲ. “ಮೂರನೆಯ ಅಳತೆಯನ್ನು ಕೈಬಿಡಲಾಯಿತು” ಎಂಬಲ್ಲಿಯಾದರೋ ಕೈಬಿಟ್ಟವರಾರು, ಏಕೆ ಎಂಬುದೇ ಮುಖ್ಯ. ಎರಡು ವಾಕ್ಯಗಳ ವಿಂಗಡಣೆಯೂ ಒಂದೇ ತೆರನು, ಹೊಣೆಗಾರಿಕೆ ಬೇರೆ. ಗುಣದೋಷಗಳು ಸಂದರ್ಭವನ್ನು ಅವಲಂಬಿಸುತ್ತವೆಂಬ ವಿವೇಕವು ನಮ್ಮವರಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತನ್ನ ಮೊದಲ ಪರಿಚ್ಛೇದವನ್ನು ಕಾವ್ಯದ ದೋಷ ಅದೋಷಗಳ ನಿರ್ಣಯಕ್ಕಾಗಿಯೇ ಮೀಸಲಿಟ್ಟಿದೆ.

ಯಂತ್ರವನ್ನು ಬಳಸುವ ಬಗೆ

ಹಾಗಾದರೆ ವಿದ್ಯಾರ್ಥಿಗಳು ಇಂಥ ಯಂತ್ರಗಳನ್ನು ಬಳಸಬಹುದೆ? ಅಗತ್ಯವಾಗಿ ಬಳಸಬಹುದು, ಉಷ್ಣಮಾಪಕವನ್ನು ವೈದ್ಯನು ಬಳಸುವಂತೆ. ಜ್ವರವೆಷ್ಟಿದೆಯೆಂದು ಅದು ಹೇಳುತ್ತದೆ, ರೋಗವಾವುದೆಂದು ಹೇಳುವುದಿಲ್ಲ. ಯಂತ್ರವು ಗೆರೆ ಎಳೆದ ಪ್ರತಿಯೊಂದು ವಾಕ್ಯದ ಬಳಿಯೂ ನಿಂತು ನಾವು ಆರಂಭದಲ್ಲಿ ಕೇಳಿದ ಮೂರು ಪ್ರಶ್ನೆಗಳನ್ನೇ ಕೇಳಿಕೊಳ್ಳಿರಿ: ಮಾಡಿದವರು ಯಾರು? ಎಷ್ಟು? ನಿಶ್ಚಯವೋ, ಊಹೆಯೋ? ಉತ್ತರವು ಓದುಗನಿಗೆ ಬೇಕಾದುದಾಗಿದ್ದರೆ ವಾಕ್ಯವನ್ನು ತಿದ್ದಿರಿ. ಬೇಡವಾಗಿದ್ದರೆ ಗೆರೆಯನ್ನು ಕಡೆಗಣಿಸಿರಿ. ಯಂತ್ರವು ಮೆಚ್ಚಲೆಂದು ಉದ್ದ ವಾಕ್ಯವನ್ನು ಸುಮ್ಮನೆ ತುಂಡರಿಸುವುದು, ನಿಜವಾದ ಸಂದೇಹವನ್ನು ಸೂಚಿಸುವ ‘ಬಹುಶಃ’ ಎಂಬುದನ್ನು ಅಳಿಸುವುದು ಇವೆರಡೂ ತಪ್ಪು. ಎರಡನೆಯದು ಅಪ್ರಾಮಾಣಿಕತೆಯೂ ಹೌದು.

ಇಂದು ದುರ್ಬಲ ವಾಕ್ಯವನ್ನು ತೋರಿಸುವುದಷ್ಟೇ ಅಲ್ಲದೆ, ಅದನ್ನು ತಾನೇ ತಿದ್ದಿ ಬರೆದುಕೊಡುವ ಯಂತ್ರಗಳೂ ಬಂದಿವೆ. ಇಲ್ಲಿ ಮತ್ತಷ್ಟು ಎಚ್ಚರವು ಬೇಕು. “ಉಷ್ಣತೆಯಲ್ಲಿ ಗಣನೀಯವಾದಂತಹ ಏರಿಕೆಯು ಉಂಟಾಗಿರುವುದು ಕಂಡುಬಂದಿತು” ಎಂಬುದನ್ನು ಅಂಥ ಯಂತ್ರವು “ಉಷ್ಣತೆ ಗಣನೀಯವಾಗಿ ಏರಿತು” ಎಂದು ಅಚ್ಚುಕಟ್ಟಾಗಿ ತಿದ್ದೀತು. ವಾಕ್ಯವು ಚಿಕ್ಕದಾಯಿತು, ಓದಲು ಹಿತವಾಯಿತು. ಆದರೆ ಎಷ್ಟು ಡಿಗ್ರಿಯೆಂಬುದು ಇನ್ನೂ ಬಂದಿಲ್ಲ. ಯಂತ್ರವು ತಾನಾಗಿಯೇ ಒಂದು ಸಂಖ್ಯೆಯನ್ನು ತುಂಬಿತೆನ್ನಿ, ಆಗಂತೂ ನಷ್ಟವೇ ಹೆಚ್ಚು. ಪಾದರಸವು ೨೭ರಿಂದ ೩೪ಕ್ಕೆ ಏರಿದುದನ್ನು ಕಂಡವನು ಪ್ರಯೋಗಮಾಡಿದ ವಿದ್ಯಾರ್ಥಿ. ಆ ಸಂಖ್ಯೆಗಳಿರುವುದು ಅವನ ದಾಖಲೆಪುಸ್ತಕದಲ್ಲಿ. ಬರೆಯಲು ಕುಳಿತಾಗ ಆ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವ ಅಭ್ಯಾಸವು ಯಾವ ಯಂತ್ರಕ್ಕಿಂತಲೂ ಹೆಚ್ಚಿನ ದುರ್ಬಲ ವಾಕ್ಯಗಳನ್ನು ತಡೆಯುತ್ತದೆ.